ಎರಡು ಮಿಲಿಮೀಟರ್ ಸಂದಿನ ಲೆಕ್ಕ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹೊಗೆಸೊಪ್ಪಿನ ರೈತರಿಗೆ ಶಾಖದ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ. ಬ್ಯಾರನ್‌ನಲ್ಲಿ ಎಲೆ ಹಳದಿಗೆ ತಿರುಗಲು ಸುಮಾರು 38 ಡಿಗ್ರಿ ಸೆಲ್ಸಿಯಸ್, ಕಡೆಗೆ ನಡುದಂಟು ಒಣಗಲು 70ರ ಹತ್ತಿರ. ದವಡೆಯ ಲೆಕ್ಕ ಇದಕ್ಕಿಂತ ಬಿಗಿ. ಹಲ್ಲಿನ ಇಂಪ್ಲಾಂಟ್‌ಗಾಗಿ ಕೊರೆಯುವಾಗ ಮೂಳೆ 47 ಡಿಗ್ರಿಗೇರಿ ಒಂದು ನಿಮಿಷ ನಿಂತರೆ ಪೆಟ್ಟು ಬಿದ್ದಂತೆಯೇ. ಅದಕ್ಕೇ ಕೊರೆಯುವಷ್ಟು ಹೊತ್ತೂ ಸಲೈನ್ ಸುರಿಯುತ್ತಿರುತ್ತದೆ.

ಹಲ್ಲಿನ ಗುಳಿಯಲ್ಲಿ ಸೋಂಕಿಲ್ಲದೆ, ಮೂಳೆ ಗಟ್ಟಿಯಿದ್ದರೆ, ಹಲ್ಲು ಕಿತ್ತ ದಿನವೇ ಇಂಪ್ಲಾಂಟ್ ಎಂಬ ಟೈಟಾನಿಯಂ ತಿರುಪನ್ನು ಅಲ್ಲೇ ಇಳಿಸಬಹುದು. ತಿರುಪಿನ ದಪ್ಪ ಸುಮಾರು 4 ಮಿಲಿಮೀಟರ್. ಬೇರಿದ್ದ ಗುಳಿ ಅದಕ್ಕಿಂತ ಅಗಲ. ನಡುವೆ ಉಳಿಯುವ ಸಂದು ಎರಡು ಮಿಲಿಮೀಟರ್ ಆಚೀಚೆ. ಅದಕ್ಕೆ ತುಂಬುವುದೇ ಮೂಳೆ ಪುಡಿ: ಕಾಲು ಮಿಲಿಮೀಟರಿನಿಂದ ಒಂದು ಮಿಲಿಮೀಟರಿನವರೆಗಿನ, ರವೆಯಂಥ ಹರಳು. ಅರ್ಧ ಗ್ರಾಂ ಸಾಕಾಗುವುದೂ ಉಂಟು!

ಇಷ್ಟಕ್ಕೆ ಅಷ್ಟೊಂದು ಶ್ರಮ ಯಾಕೆಂದರೆ, ಮುಂದಿನ ಹಲ್ಲುಗಳ ತುಟಿಬದಿಯ ಮೂಳೆ ಬಹುತೇಕರಲ್ಲಿ ಒಂದು ಮಿಲಿಮೀಟರಿಗಿಂತ ತೆಳು. ಬೇರಿನ ಜೊತೆಗೇ ಬದುಕಿದ್ದ ಆ ಗೋಡೆ, ಬೇರು ಹೋದೊಡನೆ ಕರಗಲು ಶುರು. ಹಿಂಬದಿಯ ಹಲ್ಲು ಕಿತ್ತ ಜಾಗಗಳನ್ನು ವರ್ಷಪೂರ್ತಿ ಅಳೆದ 2003ರ ಅಧ್ಯಯನವೊಂದರಲ್ಲಿ ದವಡೆ ಮೂಳೆಯ ದಿಬ್ಬದ ಅಗಲ ಅರ್ಧದಷ್ಟು ಇಳಿದಿತ್ತು. ಅದರಲ್ಲಿ ಮೂರನೇ ಎರಡು ಪಾಲು ಮೊದಲ ಮೂರು ತಿಂಗಳಲ್ಲೇ. ತಿರುಪೊಂದೇ ಇದನ್ನು ತಡೆಯದು. ಪುಡಿ ತುಂಬಿದರೂ ಪೂರ್ತಿ ನಿಲ್ಲದು, ಆದರೆ ನಷ್ಟ ಕಡಿಮೆಯಾಗುತ್ತದೆ.

ಕೂಡಿಬಂದರೆ ಬಾಳಿಕೆಯೂ ಬೆರಗು ಹುಟ್ಟಿಸುತ್ತದೆ. 1965ರಲ್ಲಿ ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ ಮೊದಲ ರೋಗಿಗೆ ಕೂರಿಸಿದ ಇಂಪ್ಲಾಂಟ್‌ಗಳು ಆ ರೋಗಿ ತೀರಿಕೊಳ್ಳುವವರೆಗೆ, ನಲವತ್ತು ವರ್ಷ ಮೀರಿ ಉಳಿದಿದ್ದವು.

ಪುಡಿ ಹಲವು ಸಲ ದನದ ಮೂಳೆಯ ಖನಿಜ. ಮನುಷ್ಯ ದಾನಿಯದ್ದೂ, ಕೃತಕವಾದದ್ದೂ ಇದೆ. ನಮ್ಮ ಮನೆಗಳಲ್ಲಿ ಇದು ಸಣ್ಣ ಮಾತಲ್ಲ, ಮೊದಲೇ ಕೇಳಿ ತಿಳಿಯುವುದು ರೋಗಿಯ ಹಕ್ಕು. ಬೀಡಿ, ಸಿಗರೇಟು ಸೇದುವವರಲ್ಲಿ ಇಂಪ್ಲಾಂಟ್ ಕೈಕೊಡುವ ಅಪಾಯ ಸುಮಾರು ಎರಡು ಪಟ್ಟು. ಸೊಪ್ಪು ಬೆಳೆಯುವುದು ಜೀವನೋಪಾಯ, ಸೇದುವುದನ್ನಾದರೂ ಬಿಡಬಹುದು.

ಜೂನ್‌ನಲ್ಲಿ ಹಲ್ಲು ಕೀಳಿಸಿ, “ಸೊಪ್ಪು ಮಾರಿದ ಮೇಲೆ ನೋಡೋಣ” ಎಂದರೆ ಹರಾಜು ಮುಗಿಯುವಷ್ಟರಲ್ಲಿ ಮೂಳೆ ಹೆಚ್ಚು ಕರಗುವ ಆ ಮೊದಲ ಮೂರು ತಿಂಗಳು ಕಳೆದಿರುತ್ತವೆ. ಎಚ್.ಡಿ. ಕೋಟೆಯಿಂದ ಮೈಸೂರಿಗೆ ಸುಮಾರು 50 ಕಿಲೋಮೀಟರ್. ಅಲ್ಲಿ ಜೆಎಸ್‌ಎಸ್, ಫಾರೂಕಿಯಾ ದಂತ ಕಾಲೇಜುಗಳಿವೆ. ಹಲ್ಲು ಕೀಳಿಸುವ ಮುಂಚೆಯೇ ಹೋಗಿ, ಮೂಳೆ ಎಷ್ಟಿದೆ ಎಂದು ಕೇಳಿ.