ಚಳವಳಿಗೆ ಪೆಟ್ರೋಲು ಹಾಕಿಸಿದ ಅಡುಗೆಮನೆ

ಅಮೆರಿಕದ ಅಲಬಾಮಾ ರಾಜ್ಯದ ರಾಜಧಾನಿ ಮಾಂಟ್ಗೊಮರಿಗೆ ಬಂದವರೆಲ್ಲ ರೋಸಾ ಪಾರ್ಕ್ಸ್ ಪ್ರತಿಮೆಯ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾವೂ ತೆಗೆಸಿಕೊಂಡೆವು. ಹತ್ತಿರದಲ್ಲೇ ಬಸ್ ಭೇದಭಾವದ ವಿರುದ್ಧ ಕೋರ್ಟಿಗೆ ಹೋಗಿ ಗೆದ್ದ ನಾಲ್ವರು ಹೆಂಗಸರ ಹೆಸರಿನ ಕಲ್ಲುಗಳಿವೆ. ಅವರಲ್ಲೊಬ್ಬಳಾದ ಕ್ಲಾಡೆಟ್ ಕಾಲ್ವಿನ್, ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳು ಮೊದಲೇ ಬಿಳಿಯರಿಗೆ ಬಸ್ಸಿನ ಸೀಟು ಬಿಡದೆ ಬಂಧನಕ್ಕೊಳಗಾದ 15ರ ಹುಡುಗಿ. ಆ ಕಲ್ಲುಗಳ ಬಳಿ ಯಾರೂ ಫೋಟೊಕ್ಕೆ ನಿಂತಿರಲಿಲ್ಲ.

ಪಾರ್ಕ್ಸ್ ಬಂಧನವಾದ ಜಾಗದಲ್ಲೇ ಟ್ರಾಯ್ ವಿಶ್ವವಿದ್ಯಾಲಯದ ಮ್ಯೂಸಿಯಂ ಇದೆ. ಅಲ್ಲಿನ ಕರಪತ್ರದ ಇತಿಹಾಸ ಇಷ್ಟು: 1955ರ ಡಿಸೆಂಬರ್ 1ರಂದು ಬಂಧನ, 5ರಿಂದ ಕಪ್ಪು ಜನರ ಬಸ್ ಬಹಿಷ್ಕಾರ, 26ರ ಹರೆಯದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ನೇತೃತ್ವ, 381 ದಿನದ ಹೋರಾಟ, ಸುಪ್ರೀಂ ಕೋರ್ಟಿನಲ್ಲಿ ಜಯ.

ಒಳಗೊಂದು ಹಳೆಯ ಸ್ಟೇಷನ್ ವ್ಯಾಗನ್ ಇದೆ. ಬಸ್ ಬಿಟ್ಟವರು ಕೆಲಸಕ್ಕೆ ಹೋಗಬೇಕಲ್ಲ, ಚರ್ಚುಗಳು ಇಂಥ ಗಾಡಿ ಓಡಿಸಿದವು. ಪೆಟ್ರೋಲಿಗೆ ದುಡ್ಡೆಲ್ಲಿಂದ ಬಂತು ಅಂತ ಕೇಳಿದ್ದೇ ತಡ, ಅಲ್ಲಿದ್ದ ಗೈಡ್ ಅಮ್ಮ ಶುರುಮಾಡಿದರು. ಗುಂಪು ಮುಂದೆ ಹೋದರೂ ಅವರು ನಿಲ್ಲಿಸಲಿಲ್ಲ, ನಾನೂ ಕದಲಲಿಲ್ಲ.

ಜಾರ್ಜಿಯಾ ಗಿಲ್ಮೋರ್. ಆರು ಮಕ್ಕಳ ತಾಯಿ, ಊಟದ ಕಂಪನಿಯೊಂದರಲ್ಲಿ ಅಡುಗೆಯವರು. ಬಹಿಷ್ಕಾರ ಶುರುವಾದಾಗ ಗೆಳತಿಯರನ್ನು ಕೂಡಿಸಿಕೊಂಡು ಕರಿದ ಕೋಳಿಯ ಸ್ಯಾಂಡ್‌ವಿಚ್, ಸಿಹಿಗೆಣಸಿನ ಪೈ, ಕೇಕು ಮಾಡಿ ಬ್ಯೂಟಿ ಪಾರ್ಲರುಗಳಲ್ಲಿ, ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ಮಾರಿಸಿದರು. ಬಂದದ್ದನ್ನೆಲ್ಲ ಚಳವಳಿಯ ಸಭೆಗೆ ತಂದು ಸುರಿದರು. ಎಷ್ಟೋ ಹೆಂಗಸರು ಬಿಳಿಯರ ಮನೆಗೆಲಸದವರು, ಹೆಸರು ಹೊರಬಿದ್ದರೆ ಅನ್ನಕ್ಕೇ ಸಂಚಕಾರ. ಹಾಗಾಗಿ ಗುಂಪಿಗೆ ‘ಕ್ಲಬ್ ಫ್ರಮ್ ನೋವೇರ್’ ಎಂದು ಹೆಸರಿಟ್ಟರು. ದುಡ್ಡೆಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ‘ಎಲ್ಲಿಂದಲೂ ಇಲ್ಲ’ ಎಂದುಬಿಡಬಹುದಿತ್ತು. ಈ ಜಾಣತನಕ್ಕೆ ಯಾವ ನಾಯಕರ ಭಾಷಣ ಸಾಟಿ ಹೇಳಿ!

1956ರಲ್ಲಿ, ಬಹಿಷ್ಕಾರ ನಡೆಸಿದ್ದಕ್ಕೆ ಕಿಂಗ್ ಮೇಲೆ ಹೂಡಿದ್ದ ಮೊಕದ್ದಮೆಯಲ್ಲಿ ಗಿಲ್ಮೋರ್ ಸಾಕ್ಷಿ ಹೇಳಿದರು. ಬಸ್ ಡ್ರೈವರ್ ದುಡ್ಡು ಇಸಕೊಂಡು, ಇಳಿದು ಹಿಂಬಾಗಿಲಿಂದ ಹತ್ತು ಎಂದು ಹೇಳಿ, ಆಕೆ ಹತ್ತುವ ಮೊದಲೇ ಗಾಡಿ ಬಿಟ್ಟ ಸಂಗತಿ ಅದು. ಸಾಕ್ಷಿ ಹೇಳಿದ ಮೇಲೆ ಗಿಲ್ಮೋರ್ ಕೆಲಸ ಹೋಯಿತು. ಕಿಂಗ್ ನೆರವಿನಿಂದ ಡೆರಿಕೋಟ್ ರಸ್ತೆಯ ಮನೆಯಲ್ಲೇ ಊಟ ಬಡಿಸತೊಡಗಿದರು. ಚಳವಳಿಯ ಎಷ್ಟೋ ಮಾತುಕತೆ ಆ ಮೇಜಿನ ಸುತ್ತಲೇ ನಡೆಯಿತು. ಮುಂದೆ ನಗರದ ಪಾರ್ಕುಗಳಲ್ಲಿನ ಭೇದದ ವಿರುದ್ಧವೂ ಇದೇ ಮನೆತನ ಕೋರ್ಟು ಹತ್ತಿತು. ಆ ಕೇಸು 1974ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1990ರ ಮಾರ್ಚಿನಲ್ಲಿ, ಕಪ್ಪು ಜನರ ಮತದಾನದ ಹಕ್ಕಿಗಾಗಿ ನಡೆದ ಸೆಲ್ಮಾ ನಡಿಗೆಯ 25ನೇ ವರ್ಷಾಚರಣೆಗೆ ಅಡುಗೆ ಮಾಡುತ್ತಿದ್ದ ದಿನವೇ ಗಿಲ್ಮೋರ್ ತೀರಿಕೊಂಡರು. ಸಾವಿಗೆ ಬಂದವರಿಗೆ ಮನೆಯವರು ಬಡಿಸಿದ್ದು ಅದೇ ಅಡುಗೆ.

ನಮ್ಮ ಪ್ರವಾಸದ ಪಟ್ಟಿಯಲ್ಲಿ ಡೆರಿಕೋಟ್ ರಸ್ತೆ ಇರಲಿಲ್ಲ. ಶಾಪಿಂಗಿಗೆ ಮಾತ್ರ ಎರಡು ಗಂಟೆ ಇಟ್ಟಿದ್ದರು! ಆ ಹೊತ್ತಿನಲ್ಲಿ ಹೋಗಿ, ಮನೆಯೆದುರಿನ ಸ್ಮಾರಕ ಫಲಕ ಓದಿ ಬಂದೆ. ಅಟ್ಲಾಂಟಾದ ಕನ್ನಡಿಗರಿಗೆ ಮಾಂಟ್ಗೊಮರಿ ಕಾರಿನಲ್ಲಿ ಎರಡೂವರೆ ಗಂಟೆಯ ದಾರಿ. ಬಂದ ನೆಂಟರನ್ನು ಕರೆದೊಯ್ದರೆ ಪ್ರತಿಮೆ, ಮ್ಯೂಸಿಯಂ ಮುಗಿಸಿಕೊಂಡು ಈ ಮನೆಯ ಮುಂದೆಯೂ ಹತ್ತು ನಿಮಿಷ ನಿಲ್ಲಿಸಿ.