ಝನಾಡು ಚಲನಚಿತ್ರದ ಹಾಡುಗಳು

ಝನಾಡು 1980ರಲ್ಲಿ ರಾಬರ್ಟ್ ಗ್ರೀನ್‌ವಾಲ್ಡ್ ನಿರ್ದೇಶನದಲ್ಲಿ ತೆರೆಕಂಡ ಅಮೆರಿಕದ ಸಂಗೀತಪ್ರಧಾನ ಚಲನಚಿತ್ರ. ಗ್ರೀಕ್ ಪುರಾಣದ ಕಲಾದೇವತೆಯೊಬ್ಬಳು (ಒಲಿವಿಯಾ ನ್ಯೂಟನ್-ಜಾನ್) ಭೂಮಿಗಿಳಿದು, ರೋಲರ್ ಸ್ಕೇಟಿಂಗ್ ಡಿಸ್ಕೊ ತೆರೆಯುವಂತೆ ಚಿತ್ರಕಾರನೊಬ್ಬನನ್ನು ಪ್ರೇರೇಪಿಸುವುದು ಇದರ ಕಥೆ. ವಿಮರ್ಶಕರು ಚಿತ್ರವನ್ನು ಕಟುವಾಗಿ ಟೀಕಿಸಿದರೂ ಹಾಡುಗಳ ಧ್ವನಿಮುದ್ರಿಕೆ ಅಪಾರವಾಗಿ ಮಾರಾಟವಾಯಿತು. 'ಮ್ಯಾಜಿಕ್' ಅಮೆರಿಕದಲ್ಲಿಯೂ ಶೀರ್ಷಿಕೆ ಗೀತೆ ಬ್ರಿಟನ್ನಿನಲ್ಲಿಯೂ ಪ್ರಥಮ ಸ್ಥಾನಕ್ಕೇರಿದವು. ಆದ್ದರಿಂದ ಈ ಚಿತ್ರದ 'ಕೆಟ್ಟ ಹಾಡು'ಗಳು ಬಹುಮಟ್ಟಿಗೆ ಕೇಳಲು ಕೆಟ್ಟವಲ್ಲ, ನೋಡಲು ಕೆಟ್ಟವು.

ಇದಕ್ಕೆ ಅಪವಾದ 'ಸಸ್ಪೆಂಡೆಡ್ ಇನ್ ಟೈಮ್'. ಜಾನ್ ಫರಾರ್ ರಚಿಸಿದ ಈ ನಿಧಾನಗತಿಯ ಗೀತೆಯನ್ನು ನಾಯಕಿ ದೇವಲೋಕದ ಶೂನ್ಯದಲ್ಲಿ ಒಂಟಿಯಾಗಿ ನಿಂತು ಹಾಡುತ್ತಾಳೆ. ನೃತ್ಯವಿಲ್ಲ, ಚಲನೆಯಿಲ್ಲ, ಕಥೆ ವೇಗ ಪಡೆಯಬೇಕಾದ ಘಟ್ಟದಲ್ಲಿಯೇ ಅದು ನಿಂತುಬಿಡುತ್ತದೆ. ಮೊದಲ ಗೋಲ್ಡನ್ ರಾಸ್‌ಬೆರಿ ಪ್ರಶಸ್ತಿಗಳಲ್ಲಿ ಇದು ಅತಿ ಕೆಟ್ಟ ಹಾಡಿನ ವಿಭಾಗಕ್ಕೆ ನಾಮನಿರ್ದೇಶನಗೊಂಡಿತು. ಅತಿ ಕೆಟ್ಟ ನಿರ್ದೇಶಕ ಪ್ರಶಸ್ತಿ ಗ್ರೀನ್‌ವಾಲ್ಡ್‌ಗೆ ಸಂದಿತು.

'ಡ್ಯಾನ್ಸಿನ್' ಬೇರೆ ಬಗೆಯ ವೈಫಲ್ಯ. 1940ರ ದಶಕದ ವಾದ್ಯಮೇಳವೂ 'ದ ಟ್ಯೂಬ್ಸ್' ರಾಕ್ ತಂಡವೂ ಪ್ರತ್ಯೇಕ ವೇದಿಕೆಗಳಲ್ಲಿ ಹಾಡುತ್ತ, ಕೊನೆಗೆ ಒಂದಾಗುತ್ತವೆ. ಎರಡು ಕಾಲಗಳನ್ನು ಬೆಸೆಯುವ ಈ ಕಲ್ಪನೆ ಚಿತ್ರದ ತಿರುಳೇ ಹೌದು. ಆದರೆ ರಾಗಗಳು ಒಂದರ ಮೇಲೊಂದು ಬಿದ್ದು ಎರಡೂ ಮಸುಕಾಗುತ್ತವೆ. ಜೀನ್ ಕೆಲ್ಲಿಯ ಯುಗಳಗೀತೆ ಮಾತ್ರ ಸರಳತೆಯಿಂದಲೇ ಈ ಗೊಂದಲದಿಂದ ಪಾರಾಗಿದೆ.