ಮೊದಲ ಸಾಲಲ್ಲೇ ಸಿಕ್ಕಿಹಾಕಿಸುವ ಪ್ರೇಮಕಥೆಗಳು

ಕಾದಂಬರಿ ಕೈಗೆ ಬಂದಾಗ ನೀವು ಮೊದಲು ಏನು ನೋಡ್ತೀರಿ? ಮುಖಪುಟಾನಾ, ಹಿಂಬದಿಯ ನಾಲ್ಕು ಸಾಲಾ, ರೇಟಿಂಗಾ? ನಾನಂತೂ ಸೀದಾ ಮೊದಲ ಸಾಲಿಗೆ ಹೋಗ್ತೀನಿ. ಪ್ರೇಮಕಥೆಯಾದರೆ ಈ ಪರೀಕ್ಷೆ ಕಡ್ಡಾಯ. ಶುರುವಿನಲ್ಲೇ ನಾಯಕನ ಅಗಲವಾದ ಭುಜ, ನಾಯಕಿಯ ಹಾರಾಡುವ ಕೂದಲು ಬಂತೋ, ಪುಸ್ತಕ ವಾಪಸ್ ಶೆಲ್ಫಿಗೆ!

ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾದದ್ದು ನಾನು ನಿರೀಕ್ಷೆಯೇ ಮಾಡದ ಪುಸ್ತಕಗಳು: ಅಮೆರಿಕ, ಕೆನಡಾದ ಲೇಖಕಿಯರ ಕ್ರೈಸ್ತ ಪ್ರೇಮ ಕಾದಂಬರಿಗಳು. ಪಿಜಿಯಲ್ಲಿ ರೂಮ್‌ಮೇಟ್ ಆಗಿದ್ದ ಮಂಗಳೂರಿನ ಗೆಳತಿಯ ಮಂಚದ ಕೆಳಗೆ ರಟ್ಟಿನ ಡಬ್ಬದ ತುಂಬ ಇವೇ. 'ಇದರಲ್ಲಿ ಮುತ್ತನ್ನೂ ಲೆಕ್ಕ ಹಾಕಿ ಕೊಡ್ತಾರೆ ಕಣೇ' ಅಂತ ನಗ್ತಾ ಒಂದನ್ನು ಕೈಗಿಟ್ಟಳು. ನಾನು ಚರ್ಚಿಗೆ ಹೋಗುವವಳಲ್ಲ. ಆದರೂ ಆ ಡಬ್ಬ ಖಾಲಿ ಮಾಡಲು ನನಗೆ ಹೆಚ್ಚು ದಿನ ಬೇಕಾಗಲಿಲ್ಲ.

ಕಾರಣ ಏನು ಅಂತ ಆಮೇಲೆ ಹೊಳೆಯಿತು. ಇಲ್ಲಿ ಮಲಗುವ ಕೋಣೆಯ ಬಾಗಿಲು ಓದುಗರಿಗೆ ಮುಚ್ಚಿಯೇ ಇರುತ್ತದೆ. ಹಾಗಾಗಿ ಕುತೂಹಲ ಬೇರೆ ಕಡೆಯಿಂದ ಹುಟ್ಟಬೇಕು. ಈ ಮನುಷ್ಯರು ಇನ್ನೊಬ್ಬರನ್ನು ನಂಬಬಲ್ಲರೇ, ದೇವರನ್ನಾದರೂ ನಂಬಬಲ್ಲರೇ ಅನ್ನುವುದೇ ಇಲ್ಲಿನ ಪ್ರಶ್ನೆ. ಒಳ್ಳೆಯ ಲೇಖಕಿ ಆ ಪ್ರಶ್ನೆಯನ್ನು ಮೊದಲ ಪುಟದಲ್ಲೇ ಇಡುತ್ತಾಳೆ. ನನಗೆ ಮರೆಯಲಾಗದ ನಾಲ್ಕು ಆರಂಭಗಳನ್ನು ಹೇಳ್ತೀನಿ. ಸಾಲುಗಳನ್ನು ಇದ್ದ ಹಾಗೇ ಇಳಿಸೋದಿಲ್ಲ, ಅವನ್ನು ನೀವೇ ಓದಿದರೆ ಚೆಂದ.

ಮೊದಲನೆಯದು ಕೆನಡಾದ ಜಾನೆಟ್ ಓಕ್ 1979ರಲ್ಲಿ ಬರೆದ 'ಲವ್ ಕಮ್ಸ್ ಸಾಫ್ಟ್‌ಲಿ'. ಹೊಸ ನೆಲ ಹುಡುಕಿಕೊಂಡು ಪಶ್ಚಿಮಕ್ಕೆ ಬಂದ ಮಾರ್ಟಿ, ಕ್ಯಾನ್ವಾಸ್ ಹೊದಿಸಿದ ಗಾಡಿಯೊಳಗೆ ಕಣ್ಣು ಬಿಡುತ್ತಾಳೆ. ಹೊರಗೆ ಹಿತವಾದ ಬಿಸಿಲು. ನಿದ್ದೆ ಪೂರ್ತಿ ಬಿಟ್ಟ ಮೇಲೆ ನೆನಪಾಗುತ್ತದೆ, ಗಂಡ ಸತ್ತಿದ್ದಾನೆ. ಅಷ್ಟೇ. ದುಃಖ ಅಂತ ಒಂದು ಮಾತು ಬರುವ ಮೊದಲೇ ನಾವು ಅವಳ ಜೊತೆ ಆ ಗಾಡಿಯೊಳಗಿರುತ್ತೇವೆ.

ಅಪ್ಪ ತೀರಿಕೊಂಡು ಒಂದು ತಿಂಗಳಾಗಿತ್ತು, ಆಗ ಓದಿದ ಪುಸ್ತಕ ಇದು. ದಿನಾ ಆರೂವರೆಗೆ ಅಪ್ಪನಿಂದ ಒಂದು ಗುಡ್ ಮಾರ್ನಿಂಗ್ ಚಿತ್ರ ವಾಟ್ಸಾಪ್‌ಗೆ ಬರ್ತಿತ್ತು, ಗುಲಾಬಿ ಹೂವು, ಕೆಳಗೊಂದು ಸುಭಾಷಿತ. ಅವರು ಹೋದ ಮೇಲೂ ಎದ್ದ ತಕ್ಷಣ ಕೈ ಫೋನಿಗೇ ಹೋಗೋದು. ಒಂದೇ ಕ್ಷಣ, ಆಮೇಲೆ ಎಲ್ಲ ನೆನಪಾಗೋದು. ಯಾರಿಗೂ ಹೇಳಲಾಗದ ಆ ಕ್ಷಣವನ್ನು ಎಲ್ಲೋ ದೂರದ ಹುಲ್ಲುಗಾವಲಿನ ಕಥೆ ಬರೆದ ಲೇಖಕಿ ಹೇಗೆ ಹಿಡಿದಳು ಅಂತ ಪುಸ್ತಕ ಎದೆ ಮೇಲಿಟ್ಟುಕೊಂಡು ಸುಮ್ಮನೆ ಮಲಗಿದ್ದೆ.

ಮುಂದಿನ ಕಥೆಯೂ ಸುಲಭದ್ದಲ್ಲ. ಗಂಡನನ್ನು ಮಣ್ಣು ಮಾಡಿದ ದಿನವೇ ಕ್ಲಾರ್ಕ್ ಎಂಬ ಅಪರಿಚಿತ ಬಂದು ಮದುವೆ ಕೇಳುತ್ತಾನೆ. ಅವನೂ ಹೆಂಡತಿ ಕಳೆದುಕೊಂಡವನು, ಅವನ ಪುಟ್ಟ ಮಗಳಿಗೆ ತಾಯಿ ಬೇಕು. ವಸಂತ ಬಂದಾಗ ವಾಪಸ್ ಹೋಗಬೇಕೆನಿಸಿದರೆ ಕಳಿಸಿಕೊಡ್ತೀನಿ ಅನ್ನುತ್ತಾನೆ. ಚಳಿಗಾಲ ಮುಂದಿದೆ, ಬೇರೆ ದಾರಿಯಿಲ್ಲ. ಅವಳು ಒಪ್ಪುತ್ತಾಳೆ, ಆದರೆ ಸಿಟ್ಟಿನಿಂದ. ಪ್ರೀತಿ ಬರುವುದು ಬಹಳ ಆಮೇಲೆ, ಹೆಸರಿಗೆ ತಕ್ಕಂತೆ ಮೆಲ್ಲಗೆ.

ಎರಡನೆಯದು ಇನ್ನೂ ಹಳೆಯದು. ಈ ಬಗೆಯ ಬರವಣಿಗೆಗೆ ಬುನಾದಿ ಹಾಕಿದವರಲ್ಲಿ ಗ್ರೇಸ್ ಲಿವಿಂಗ್‌ಸ್ಟನ್ ಹಿಲ್ (1865-1947) ಪ್ರಮುಖರು. ನೂರಕ್ಕೂ ಹೆಚ್ಚು ಪುಸ್ತಕ ಬರೆದವರು. ಅವರ 'ಮಾರ್ಸಿಯಾ ಸ್ಕೈಲರ್' (1908) ಶುರುವಾಗುವುದು ಮದುವೆ ಮನೆಯ ಗಡಿಬಿಡಿಯಲ್ಲಿ. ಮದುವೆ ಅಕ್ಕನದು, ಕೆಲಸ ತಂಗಿಯದು! ಅಕ್ಕ ಬೇರೊಬ್ಬನ ಜೊತೆ ಓಡಿಹೋಗುತ್ತಾಳೆ, ತಂಗಿ ಮಾರ್ಸಿಯಾ ಅವಳ ಜಾಗದಲ್ಲಿ ನಿಲ್ಲುತ್ತಾಳೆ. ಮನೆ ಮರ್ಯಾದೆ ಪ್ರಶ್ನೆ ನೋಡಿ! ನಮ್ಮ ಕಡೆಯ ಯಾವುದೋ ಮದುವೆ ಛತ್ರದಲ್ಲಿ ನಡೆದ ಹಾಗೇ ಇದೆ ಅಲ್ವಾ?

ಮೂರನೆಯದು ಕ್ಯಾಥರೀನ್ ಮಾರ್ಷಲ್ ಅವರ 'ಕ್ರಿಸ್ಟಿ' (1967). ಪೀಠಿಕೆ ದಾಟಿದರೆ 1912ರ ಜನವರಿಯ ಚಳಿ. ಹತ್ತೊಂಬತ್ತರ ಹುಡುಗಿ ಮನೆಯವರ ಅಳುಕನ್ನೂ ಮೀರಿ, ಟೆನೆಸಿಯ ಬೆಟ್ಟಗಳ ಬಡ ಮಕ್ಕಳಿಗೆ ಪಾಠ ಹೇಳಲು ರೈಲು ಹತ್ತುತ್ತಾಳೆ. ಲೇಖಕಿಯ ತಾಯಿಯ ಅನುಭವವೇ ಇದಕ್ಕೆ ಆಧಾರ. ಹತ್ತೊಂಬತ್ತಕ್ಕೋ ಇಪ್ಪತ್ತೆರಡಕ್ಕೋ ಬ್ಯಾಗ್ ಹಿಡಿದು ಊರು ಬಿಟ್ಟ ನಮಗೆಲ್ಲ ಆ ಸ್ಟೇಷನ್ ಗೊತ್ತು. ಒಳಗೆ ಹೆದರಿಕೆ, ಮುಖದಲ್ಲಿ ಧೈರ್ಯ.

ನಾಲ್ಕನೆಯದು ಫ್ರಾನ್ಸೀನ್ ರಿವರ್ಸ್ ಅವರ 'ರಿಡೀಮಿಂಗ್ ಲವ್' (1991). ಶುರುವಿನಲ್ಲಿ ಪುಟ್ಟ ಹುಡುಗಿಯೊಬ್ಬಳು ಅಪ್ಪನನ್ನು ಮೊದಲ ಸಲ ನೋಡುತ್ತಾಳೆ, ಅಮ್ಮ ಹೇಳಿದಷ್ಟೇ ಚೆಲುವ. ಅವಳ ಕಣ್ಣಲ್ಲಿ ಬರೀ ಬೆರಗು. ಸ್ವಲ್ಪ ಹೊತ್ತಿಗೆ, ಅವನಿಗೆ ತಾನು ಬೇಡದ ಮಗು ಅನ್ನುವುದು ಅವಳ ಕಿವಿಗೇ ಬೀಳುತ್ತದೆ. ಮುಂದೆ ಅವಳು ವೇಶ್ಯಾವಾಟಿಕೆಗೆ ಮಾರಾಟವಾಗುತ್ತಾಳೆ. ಅವಳನ್ನು ಮದುವೆಯಾಗುವ ರೈತ ಮೈಕೆಲ್ ಹೋಸಿಯಾನ ಕಥೆಗೆ ಬೈಬಲಿನ ಪ್ರವಾದಿ ಹೋಶೇಯನ ಕಥೆಯೇ ಮೂಲ. ಅವಳು ಎಷ್ಟು ಸಲ ಬಿಟ್ಟು ಹೋದರೂ ಅವನ ಪ್ರೀತಿ ಕಡಿಮೆಯಾಗುವುದಿಲ್ಲ.

ಈ ಪುಸ್ತಕದ ಬಗ್ಗೆ ನನಗೊಂದು ತಕರಾರೂ ಇದೆ. ಹೊಡೆತ ತಿಂದು ಅರೆಪ್ರಜ್ಞೆಯಲ್ಲಿರುವಾಗ ಅವಳು ಮದುವೆಗೆ ಹೂಂ ಅನ್ನುತ್ತಾಳೆ. ಇದು ಒಪ್ಪಿಗೆಯಾ? ಇವತ್ತಿನ ಓದುಗರಿಗೆ ಚುಚ್ಚಲೇಬೇಕು. ಆದರೆ ಯಾರ ಪ್ರೀತಿಯನ್ನೂ ಅವಳು ಯಾಕೆ ನಂಬುವುದಿಲ್ಲ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆ ಮೊದಲ ಪುಟದ ಬೆರಗು ನೆನಪಿದ್ದರೆ ಸಾಕು.

ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿ. ಯಾವುದೂ ಹುಡುಗ-ಹುಡುಗಿಯ ಭೇಟಿಯಿಂದ ಶುರುವಾಗುವುದಿಲ್ಲ. ಒಬ್ಬಳಿಗೆ ಗಂಡ ಇಲ್ಲ, ಒಬ್ಬಳಿಗೆ ತನ್ನದೇ ಅನ್ನುವ ಬದುಕಿಲ್ಲ, ಒಬ್ಬಳು ಮನೆ ಬಿಟ್ಟಿದ್ದಾಳೆ, ಇನ್ನೊಬ್ಬಳಿಗೆ ಅಪ್ಪ ಇದ್ದೂ ಇಲ್ಲ. ಪ್ರೀತಿ ಬರುವ ಮೊದಲು ಅವರೆಲ್ಲ ಯಾರಾಗಿದ್ದರು ಅನ್ನುವುದು ನಮಗೆ ಮೊದಲು ಗೊತ್ತಾಗುತ್ತದೆ. ಹಾಗಾಗಿಯೇ ಮುನ್ನೂರನೇ ಪುಟದಲ್ಲಿ ಬರುವ ಒಂದು ಮುತ್ತಿಗೆ ಅಷ್ಟು ತೂಕ.

ಓದಬೇಕು ಅನ್ನಿಸಿದರೆ ಓಕ್ ಅವರಿಂದ ಶುರು ಮಾಡಿ, ಪುಸ್ತಕ ಚಿಕ್ಕದು, ಎರಡು ವಾರದ ಮೆಟ್ರೋ ಓಡಾಟಕ್ಕೆ ಸಾಕು. 'ಕ್ರಿಸ್ಟಿ' ದಪ್ಪ, ಹಬ್ಬಕ್ಕೆ ಊರಿಗೆ ಹೋಗುವಾಗ ರೈಲಿಗೆ ಇಟ್ಟುಕೊಳ್ಳಿ. 'ರಿಡೀಮಿಂಗ್ ಲವ್' ಮಾತ್ರ ಮರುದಿನ ಬೆಳಗ್ಗೆ ಮೀಟಿಂಗ್ ಇರುವ ರಾತ್ರಿ ಮುಟ್ಟಬೇಡಿ!